ಮಕ್ಕಳಿಗೆ ಟೆಂಟ್ ಬೇಕು, ಅತ್ತೆಗೆ ಮೊಣಕಾಲು ನೋವು: ಕಡಲ ದಂಡೆಗೆ ಹೇಗೆ ಹೋಗೋದು?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದವರು. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಆರು. ಸಮುದ್ರದ ದಂಡೆಯಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತ ಇಬ್ಬರೂ ಹಠ ಹಿಡಿದಿದ್ದಾರೆ. ಜೊತೆಗೆ ಅತ್ತೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಮರಳಲ್ಲಿ ನಡೆಯಲು ಆಗುವುದಿಲ್ಲ. ಹೊನ್ನಾವರದ ಹತ್ತಿರ ಕಾಸರಕೋಡು ಇಕೋ ಬೀಚ್ ಪಾರ್ಕ್ ಇದ್ದ ಹಾಗೆ ಇದೆ, ಮಕ್ಕಳಿಗೆ ಚಲೋ ಅಂತ ಪರಿಚಯದವರು ಹೇಳಿದರು. ಅಲ್ಲೇ ಟೆಂಟ್ ಹಾಕಬಹುದಾ? ಡಿಸೆಂಬರ್ ಕೊನೆಯ ವಾರ ಹೋಗೋಣ ಅಂತಿದ್ದೇವೆ. ಮಗ ಈಜು ಕಲಿತಿದ್ದಾನೆ, ಹಾಗಾಗಿ ನೀರಿನ ಭಯ ಇಲ್ಲ. ಏನೇನು ನೋಡಿಕೊಳ್ಳಬೇಕು, ತಿಳಿಸಿ.

ಉತ್ತರ: ಅವಶ್ಯ ಹೋಗಿ ಬನ್ನಿ. ನೀವು ಆರಿಸಿದ ಜಾಗವೂ ಚಲೋದೇ. ಆದರೆ ಟೆಂಟ್ ಮಾತ್ರ ಆ ಮರಳಿನ ಮೇಲೆ ಬೇಡ. ಹಗಲು ಕಾಸರಕೋಡಿನ ಬೀಚಿನಲ್ಲಿ ಕಳೆಯಿರಿ. ರಾತ್ರಿಗೆ ದಂಡೆಯಿಂದ ಒಳಗೆ, ಯಾವುದಾದರೂ ಹೋಂಸ್ಟೇಯ ತೆಂಗಿನ ತೋಟದಲ್ಲಿ ಅಥವಾ ಅಂಗಳದಲ್ಲಿ ಟೆಂಟ್ ಹಾಕಿ. ಸಮುದ್ರ ಹಗಲಿಗೆ, ಟೆಂಟ್ ರಾತ್ರಿಗೆ. ಎರಡನ್ನೂ ಒಂದೇ ಜಾಗದಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ.

ಧಾರವಾಡದಿಂದ ಶಾಲಾ ಮಕ್ಕಳನ್ನೂ ಕುಟುಂಬಗಳನ್ನೂ ಶಿಬಿರಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ನಿಮ್ಮಂಥ ಪ್ರಶ್ನೆ ಅಕ್ಟೋಬರ್ ಬಂತು ಅಂದರೆ ಶುರುವಾಗುತ್ತದೆ. ಎಲ್ಲರೂ ಟೆಂಟ್ ಬಗ್ಗೆ ಉದ್ದಕ್ಕೆ ಕೇಳುತ್ತಾರೆ, ನೀರಿನ ಬಗ್ಗೆ ಒಂದು ಸಾಲು ಬರೆದು ಬಿಡುತ್ತಾರೆ. ನೀವೂ ಹಾಗೇ ಮಾಡಿದ್ದೀರಿ. ‘ಮಗ ಈಜು ಕಲಿತಿದ್ದಾನೆ’ ಅನ್ನುವ ಆ ಸಾಲಿನ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಮೊದಲು ಜಾಗದ ವಿಷಯ ಮುಗಿಸೋಣ.

ಕಾಸರಕೋಡು ಇರುವುದು ಹೊನ್ನಾವರದ ಎದುರಿಗೆ, ಶರಾವತಿ ನದಿಯ ದಕ್ಷಿಣ ದಂಡೆಯಲ್ಲಿ. ಸೇತುವೆ ದಾಟಿದರೆ ಬಂತು. 2020ರಲ್ಲಿ ದೇಶದ ಎಂಟು ಬೀಚುಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರಲ್ಲಿ ಕರ್ನಾಟಕದ್ದು ಎರಡು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಈ ಕಾಸರಕೋಡು. ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಸಂಸ್ಥೆ ಕೊಡುವ ಮಾನ್ಯತೆ ಇದು. ನೀರಿನ ಗುಣಮಟ್ಟ, ಸ್ವಚ್ಛತೆ, ಶೌಚಾಲಯ, ಜೀವರಕ್ಷಕರು, ಪ್ರಥಮ ಚಿಕಿತ್ಸೆ ಹೀಗೆ 33 ಅಂಶ ನೋಡಿ ಕೊಡುತ್ತಾರೆ. ಕೊಟ್ಟ ಮೇಲೆ ಅಷ್ಟಕ್ಕೇ ಬಿಡುವುದಿಲ್ಲ, ಪ್ರತಿ ವರ್ಷ ಮತ್ತೆ ನೋಡುತ್ತಾರೆ. ನಿಮಗೆ ಇದರಿಂದ ಸಿಗುವ ಲಾಭ ಏನಪ್ಪಾ ಅಂದರೆ, ಬಟ್ಟೆ ಬದಲಿಸಲು ಕೋಣೆ ಇರುತ್ತದೆ, ಸಿಹಿನೀರಲ್ಲಿ ಮೈ ತೊಳೆಯಬಹುದು, ಮಕ್ಕಳಿಗೆ ಆಟದ ಜಾಗ ಇದೆ, ಗಾಳಿಮರದ ನೆರಳಿದೆ. ಆರು ವರ್ಷದ ಹುಡುಗಿಯನ್ನು ಕಟ್ಟಿಕೊಂಡು ಹೋದವರಿಗೆ ಸ್ವಚ್ಛವಾದ ಶೌಚಾಲಯ ಎಷ್ಟು ದೊಡ್ಡ ಸೌಕರ್ಯ ಅಂತ ನಿಮಗೇ ಗೊತ್ತು.

ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ಬ್ಲೂ ಫ್ಲ್ಯಾಗ್ ಅಂದರೆ ‘ಇಲ್ಲಿ ಸಮುದ್ರ ಸಾಧು’ ಅಂತ ಅರ್ಥ ಅಲ್ಲ. ದಂಡೆ ಸ್ವಚ್ಛ, ವ್ಯವಸ್ಥೆ ಸರಿಯಿದೆ ಅಂತ ಅಷ್ಟೇ. ಅಲೆ ಬಾವುಟ ನೋಡಿ ಬರುವುದಿಲ್ಲ.

ಟೆಂಟ್ ವಿಷಯ. ಬ್ಲೂ ಫ್ಲ್ಯಾಗ್ ನಿಯಮದಲ್ಲೇ ಬೀಚಿನ ಮೇಲೆ ಅನುಮತಿ ಇಲ್ಲದೆ ಟೆಂಟ್ ಹಾಕುವುದು, ಗಾಡಿ ಓಡಿಸುವುದು, ಕಸ ಸುರಿಯುವುದು ನಿಷಿದ್ಧ. ನಿಯಮ ಹಾಗಿರಲಿ, ಬೇರೆ ಕಾರಣಗಳೂ ಇವೆ. ಭರತ ಬಂದಾಗ ನೀರು ಎಲ್ಲಿಯವರೆಗೆ ಏರುತ್ತದೆ ಅನ್ನುವುದು ಹಗಲು ನಿಂತು ನೋಡಿದರೆ ಅಂದಾಜಾಗುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹೊತ್ತು ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಮೇಲೆ ಬರುತ್ತದೆ. ಬೆಳದಿಂಗಳು ಚೆಂದ ಅಂತ ಜನ ಹುಣ್ಣಿಮೆ ನೋಡಿಯೇ ಟೆಂಟ್ ಹಾಕುತ್ತಾರೆ, ಭರತ ಜಾಸ್ತಿ ಇರುವುದೂ ಅವತ್ತೇ! ಮರಳಿನ ಮೇಲೆ ಒಣ ಪಾಚಿ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆ ಕಾಣುತ್ತದಲ್ಲ, ಹಿಂದಿನ ಭರತದ ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಮಕ್ಕಳಿಗೆ ಅದನ್ನು ಹುಡುಕಲು ಹೇಳಿ. ಅವರಿಗೆ ಆಟ, ನಿಮಗೆ ಮಾಹಿತಿ.

ಇನ್ನೊಂದು ಕಾರಣ ಆಮೆ. ಹೊನ್ನಾವರದ ಈ ದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಹೊತ್ತು ಮೆಲ್ಲಗೆ ಮೇಲೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮುಚ್ಚಿ ವಾಪಸ್ ಹೋಗುತ್ತವೆ. ಒಂದೂವರೆ ಎರಡು ತಿಂಗಳಲ್ಲಿ ಮರಿ ಹೊರಗೆ ಬರುತ್ತವೆ. ದಂಡೆಯಲ್ಲಿ ದೀಪ, ಬೆಂಕಿ, ಗದ್ದಲ ಇದ್ದರೆ ತಾಯಿ ಆಮೆ ಮೊಟ್ಟೆ ಇಡದೇ ತಿರುಗಿ ಹೋಗಬಹುದು. ಮರಿಗಳಂತೂ ಬೆಳಕು ಕಂಡ ಕಡೆ ತೆವಳುತ್ತವೆ, ಸಮುದ್ರ ಬಿಟ್ಟು ಟಾರ್ಚಿನ ಕಡೆ ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಹಗಲು ಅಂಥ ಬಲೆ ಕಂಡರೆ ದೂರದಿಂದ ಮಕ್ಕಳಿಗೆ ತೋರಿಸಿ. ನಿಮ್ಮ ಮಗನಿಗೆ ‘ಯಾಕೆ ದಂಡೆ ಮೇಲೆ ಟೆಂಟ್ ಬೇಡ’ ಅಂತ ಹೇಳಲು ಇದಕ್ಕಿಂತ ಒಳ್ಳೆ ಉತ್ತರ ಸಿಗುವುದಿಲ್ಲ. ದೊಡ್ಡವರ ನಿಯಮ ಅಂದರೆ ವಾದ ಮಾಡುತ್ತಾನೆ, ಆಮೆ ಅಂದರೆ ಒಪ್ಪುತ್ತಾನೆ.

ಈಗ ನೀರು.

ನಾವು ಬಯಲುಸೀಮೆಯವರು. ನಮಗೆ ಗೊತ್ತಿರುವುದು ಕೆರೆ, ಬಾವಿ, ಕಾಲುವೆ, ಈಗೀಗ ಈಜುಕೊಳ. ಇವೆಲ್ಲ ಆಳದ ನೀರು. ಆಳಕ್ಕೆ ಹೋಗದಿದ್ದರೆ ಅಪಾಯ ಇಲ್ಲ ಅಂತ ನಮ್ಮ ಲೆಕ್ಕ. ಸಮುದ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೊಂಟದ ನೀರಿನಲ್ಲಿ ನಿಂತ ಗಟ್ಟಿಮುಟ್ಟಾದ ಗಂಡಸನ್ನೂ ಅದು ಎಳೆದುಕೊಂಡು ಹೋಗುತ್ತದೆ. ಈಜುಕೊಳದಲ್ಲಿ ಕಲಿತ ಹುಡುಗನಿಗೆ ಅಲೆ ಮುಖಕ್ಕೆ ಹೊಡೆದಾಗ ಉಸಿರು ಹೇಗೆ ತೆಗೆದುಕೊಳ್ಳಬೇಕು ಗೊತ್ತಿರುವುದಿಲ್ಲ. ಕಾಲ ಕೆಳಗಿನ ಮರಳು ಜಾರುತ್ತದೆ. ಹಿಡಿದುಕೊಳ್ಳಲು ಅಂಚಿನ ಕಂಬಿ ಇರುವುದಿಲ್ಲ. ಈಜು ಬರುತ್ತದೆ ಅನ್ನುವ ಧೈರ್ಯದಿಂದ ಅವನು ತಂಗಿಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಾನೆ. ಅದಕ್ಕೇ ಹೇಳುತ್ತಿರುವುದು, ನಿಮ್ಮ ಮನೆಯಲ್ಲಿ ಜಾಸ್ತಿ ಕಣ್ಣಿಡಬೇಕಾದ್ದು ಮಗನ ಮೇಲೆ.

ಎಳೆಯುವುದು ಏನು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಅಲೆಗಳು ನೀರನ್ನು ದಂಡೆಗೆ ತಂದು ತಂದು ಒಟ್ಟುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ದೊಡ್ಡ ಮಳೆ ಬಂದಾಗ ಓಣಿಯ ನೀರೆಲ್ಲ ಒಂದೇ ಗಟಾರ ಹುಡುಕಿಕೊಂಡು ರಭಸದಿಂದ ಹೋಗುವ ಹಾಗೆ, ಇಲ್ಲಿಯೂ ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕ ಕಡೆ ಕಿರಿದಾದ ಹರಿವಾಗಿ ಒಳಕ್ಕೆ ನುಗ್ಗುತ್ತದೆ. ನೋಡಲು ಅದು ಮೋಸದ ಜಾಗ. ಎರಡೂ ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ, ಇಲ್ಲವೇ ಮರಳು ಕದಡಿ ಕಂದಾಗಿ ಕಾಣುತ್ತದೆ. ಗೊತ್ತಿಲ್ಲದವರು ‘ಇಲ್ಲಿ ಅಲೆ ಕಡಿಮೆ, ಮಕ್ಕಳನ್ನು ಇಲ್ಲೇ ಇಳಿಸೋಣ’ ಅಂತ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ದಂಡೆಯ ಎತ್ತರದ ಜಾಗದಲ್ಲಿ ನಿಂತು ಸುಮ್ನೆ ನೋಡಿ. ಅಲೆ ಎಲ್ಲಿ ಒಡೆಯುತ್ತಿಲ್ಲ, ನೊರೆ ಎಲ್ಲಿ ಒಳಕ್ಕೆ ಹೋಗುತ್ತಿದೆ ಅಂತ ಮಗನಿಂದಲೇ ಗುರುತು ಹಿಡಿಸಿ. ಆಮೇಲೆ ಜೀವರಕ್ಷಕರ ಹತ್ತಿರ ಹೋಗಿ ಕೇಳಿ: ‘ಅಣ್ಣಾ, ಇವತ್ತು ಎಲ್ಲಿ ಇಳಿಯಬಹುದು, ಎಲ್ಲಿ ಬೇಡ?’ ಈ ಒಂದು ಪ್ರಶ್ನೆ ಕೇಳುವ ಪ್ರವಾಸಿಗರು ಬಹಳ ಕಡಿಮೆ. ಕೇಳಿದವರಿಗೆ ಅವರು ಜೊತೆಗೆ ಬಂದು ತೋರಿಸಿದ್ದನ್ನು ನೋಡಿದ್ದೇನೆ.

ಹರಿವಿಗೆ ಸಿಕ್ಕಿಬಿದ್ದರೆ ದಂಡೆ ಕಡೆಗೆ ಎದುರು ಈಜಬಾರದು, ದಣಿದು ಹೋಗುತ್ತಾರೆ. ಜನ ಸಾಯುವುದು ಹೆಚ್ಚಾಗಿ ಆ ದಣಿವಿನಿಂದಲೇ. ಮೊದಲು ಅಂಗಾತ ತೇಲಬೇಕು, ಕೈ ಎತ್ತಿ ಕೂಗಬೇಕು. ಸಾಧ್ಯವಾದರೆ ದಂಡೆಗೆ ಸಮನಾಗಿ ಎಡಕ್ಕೋ ಬಲಕ್ಕೋ ಈಜಿ ಹರಿವಿನಿಂದ ಹೊರಗೆ ಬಂದು, ಆಮೇಲೆ ಅಲೆಯ ಜೊತೆ ದಂಡೆಗೆ ಬರಬೇಕು. ಮಗನಿಗೆ ಹೊರಡುವ ಮುಂಚೆ ಈಜುಕೊಳದಲ್ಲೇ ಅಂಗಾತ ತೇಲುವುದನ್ನು ಅಭ್ಯಾಸ ಮಾಡಿಸಿ. ಎರಡು ನಿಮಿಷ ಕೈಕಾಲು ಬಡಿಯದೇ ತೇಲಲು ಬಂದರೆ ಅದು ನಾಲ್ಕು ಸುತ್ತು ಈಜುವುದಕ್ಕಿಂತ ಉಪಯೋಗದ ವಿದ್ಯೆ.

ಯಾರಾದರೂ ಮುಳುಗುತ್ತಿದ್ದರೆ ಕೈಕೈ ಹಿಡಿದು ಸಾಲಾಗಿ ನೀರಿಗೆ ಇಳಿಯಬೇಡಿ. ಒಬ್ಬರನ್ನು ಉಳಿಸಲು ಹೋಗಿ ನಾಲ್ಕು ಜನ ಹೋದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಚೆಂಡು, ತೇಲುವಂಥದ್ದು ಏನಿದ್ದರೂ ಎಸೆಯಿರಿ. ಹೊರಗೆ ತಂದ ಮೇಲೆ ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದು, ಎದೆ ಒತ್ತುವುದು, ಇವೇ ಮಾಡಬೇಕಾದ್ದು. ಆಂಬ್ಯುಲೆನ್ಸಿಗೆ 108. ನೀರು ಕುಡಿದ ಮಗು ಎದ್ದು ಕೂತು ಮಾತಾಡಿದರೂ ಕೆಮ್ಮು, ಏದುಸಿರು ಇದ್ದರೆ ಆಸ್ಪತ್ರೆಗೆ ತೋರಿಸಿಯೇ ವಾಪಸ್ ಬನ್ನಿ.

ಮಳೆಗಾಲದಲ್ಲಿ ಮಾತ್ರ ಸಮುದ್ರ ಅಪಾಯ, ಡಿಸೆಂಬರಿನಲ್ಲಿ ಏನೂ ಆಗಲ್ಲ ಅನ್ನುವುದು ಇನ್ನೊಂದು ನಂಬಿಕೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕಡಲು ಒರಟು, ಆಗ ನೀರಿಗೆ ಇಳಿಯುವ ಮಾತೇ ಇಲ್ಲ. ಆದರೆ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ತೀರಿಕೊಂಡಿದ್ದು 2024ರ ಡಿಸೆಂಬರಿನಲ್ಲಿ. ಕಾಸರಕೋಡಿನಿಂದ ಅದು ಮುಕ್ಕಾಲು ತಾಸಿನ ದಾರಿ.

ನಾನು ಶಿಬಿರಗಳಲ್ಲಿ ಪಾಲಿಸುವ ಕ್ರಮ ಹೀಗಿದೆ. ಮಗಳು ಅವಳ ಮೊಣಕಾಲಿನವರೆಗಿನ ನೀರಿನಲ್ಲಿ, ನಿಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಮಗ ಅವನ ಸೊಂಟದವರೆಗೆ, ಪಕ್ಕದಲ್ಲಿ ಒಬ್ಬ ದೊಡ್ಡವರು. ಇನ್ನೊಬ್ಬರು ದಂಡೆಯಲ್ಲಿ ನಿಂತು ನೋಡುವ ಕೆಲಸ ಮಾತ್ರ ಮಾಡಬೇಕು. ಮೊಬೈಲ್ ಇಲ್ಲ, ಹರಟೆ ಇಲ್ಲ, ಚುರುಮುರಿ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಿಸಿ. ಪಾಳಿಯಲ್ಲಿ ಇರುವವರು ಒಂದು ಕೆಂಪು ಟೊಪ್ಪಿಗೆ ಹಾಕಿಕೊಂಡರೆ ‘ನೀನು ನೋಡ್ತಿದ್ದೀಯ ಅಂದುಕೊಂಡೆ’ ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಮಕ್ಕಳು ನೀರಿನಿಂದ ಹೊರಗೆ ಇರಬೇಕು. ಆ ಹೊತ್ತಿಗೆ ಎಲ್ಲರ ಕಣ್ಣೂ ಆಕಾಶದ ಮೇಲೆ ಅಥವಾ ಫೋನಿನ ಮೇಲೆ ಇರುತ್ತದೆ, ಮಕ್ಕಳ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ಬಟ್ಟೆಯ ವಿಷಯ ಸಣ್ಣದಲ್ಲ. ಮಕ್ಕಳಿಗೆ ಕಿತ್ತಳೆ, ಗುಲಾಬಿ, ಗಿಳಿಹಸಿರು ಹೀಗೆ ಕಣ್ಣಿಗೆ ಹೊಡೆಯುವ ಬಣ್ಣ ಹಾಕಿ. ನೀಲಿ, ಬೂದು, ಬಿಳಿ ನೀರಿನಲ್ಲಿ ಕಾಣುವುದೇ ಇಲ್ಲ. ದೊಡ್ಡವರು ಸೀರೆ, ದುಪಟ್ಟಾ, ಜೀನ್ಸ್ ಹಾಕಿಕೊಂಡು ಅಲೆಗೆ ಇಳಿಯಬೇಡಿ. ನೆಂದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲಿನ ನೀರಿನಲ್ಲೂ ಏಳಲು ಆಗುವುದಿಲ್ಲ. ಫೋಟೋಕ್ಕೆ ಅಂತ ಸಮುದ್ರಕ್ಕೆ ಬೆನ್ನು ಹಾಕಿ ಸಾಲಾಗಿ ಕೂರುತ್ತಾರಲ್ಲ, ಅದಂತೂ ಬೇಡವೇ ಬೇಡ. ದಂಡೆಯಲ್ಲಿ ಮಾರುವ ಗಾಳಿ ತುಂಬಿದ ಟ್ಯೂಬ್, ಬಾತುಕೋಳಿ ಆಟಿಕೆಗಳನ್ನು ಮರಳಲ್ಲೇ ಆಡಲು ಬಿಡಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತಿರುತ್ತದೆ, ಟ್ಯೂಬು ಮಗುವಿನ ಸಮೇತ ಒಳಕ್ಕೆ ಸಾಗುತ್ತದೆ. ಇನ್ನು, ಮಗಳ ತೋಳಿನ ಮೇಲೆ ನಿಮ್ಮ ಫೋನ್ ನಂಬರ್ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಗದ್ದಲದ ದಿನ ಬೀಚಿನಲ್ಲಿ ಮಕ್ಕಳು ಕಳೆದುಹೋಗುವುದು ಸಾಮಾನ್ಯ.

ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿಕೊಂಡ ಎಳೆಯನ್ನು ಕಾರ್ಡಿನ ಅಂಚಿನಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಆಮೇಲೆ ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ಡಾಕ್ಟರ್. ದಂಡೆಗೆ ಬಿದ್ದ ನೀಲಿ ಬಲೂನಿನಂಥದ್ದನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಸತ್ತಂತೆ ಕಂಡರೂ ಅದು ಕುಟುಕುತ್ತದೆ.

ಅತ್ತೆಯವರ ವಿಷಯಕ್ಕೆ ಬರೋಣ. ಒಣ ಮರಳು ಮೊಣಕಾಲಿಗೆ ವೈರಿ. ನೀರಿನ ಹತ್ತಿರದ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ನಡೆಯುವುದು ಸುಲಭ. ಕಷ್ಟ ಇರುವುದು ಅಲ್ಲಿಯವರೆಗೆ ಹೋಗುವುದರಲ್ಲಿ. ಕಾಸರಕೋಡು ಸಿದ್ಧಪಡಿಸಿದ ಬೀಚ್ ಆದ್ದರಿಂದ ನಡೆಯಲು ದಾರಿ, ಕೂರಲು ಜಾಗ ಸಿಗುತ್ತದೆ. ಮರದ ನೆರಳಿನಲ್ಲಿ ಕೂತು ಮೊಮ್ಮಕ್ಕಳನ್ನು ನೋಡಬಹುದು. ಒಂದು ಮಡಚುವ ಕುರ್ಚಿ ಮನೆಯಿಂದಲೇ ಒಯ್ಯಿರಿ. ಕೆಳಗೆ ಕೂತು ಏಳುವುದು ಅವರಿಗೆ ಎಷ್ಟು ತ್ರಾಸು ಅಂತ ನನ್ನ ಅವ್ವನನ್ನು ನೋಡಿ ಬಲ್ಲೆ. ಆದರೆ ಅವರನ್ನು ‘ಸಾಮಾನು ಕಾಯೋರು’ ಮಾಡಿ ಇಡೀ ದಿನ ಕೂರಿಸಬೇಡಿ. ಒಂದು ಮುಂಜಾನೆ ಇಡಗುಂಜಿ ಗಣಪತಿಗೆ ಹೋಗಿ ಬನ್ನಿ, ಅರ್ಧ ತಾಸಿನ ದಾರಿ. ಮುರ್ಡೇಶ್ವರದಲ್ಲಿ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೇಲಿನಿಂದ 123 ಅಡಿ ಎತ್ತರದ ಶಿವನ ಮೂರ್ತಿ, ಸುತ್ತ ಕಡಲು ಎರಡೂ ಕಾಣುತ್ತವೆ. ಮೊಣಕಾಲು ನೋವಿನವರಿಗೆ ಎತ್ತರದಿಂದ ಸಮುದ್ರ ನೋಡುವ ಅವಕಾಶ ಇಷ್ಟು ಸುಲಭವಾಗಿ ಬೇರೆಲ್ಲೂ ಇಲ್ಲ. ಶರಾವತಿಯ ಹಿನ್ನೀರಿನಲ್ಲಿ ದೋಣಿ ಸುತ್ತಾಟ ಇದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನಡೆದಾಡಲು ಹಲಗೆಯ ಸೇತುವೆ ಇದೆ. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. ಮಗಳಿಗೆ ಅವಳ ಅಳತೆಯದೇ ಬೇಕು. ದೊಡ್ಡವರದ್ದನ್ನು ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಜಾರಿ ಬರುತ್ತದೆ. ಅಪ್ಸರಕೊಂಡ ಜಲಪಾತವೂ ಹತ್ತಿರವೇ, ಆದರೆ ಅಲ್ಲಿ ಮೆಟ್ಟಿಲು ಇಳಿಯಬೇಕು. ಅತ್ತೆ ಮೇಲೇ ಕೂರಲಿ.

ಗೋಕರ್ಣದ ಓಂ ಬೀಚ್, ಕುಡ್ಲೆ ಬಗ್ಗೆ ಯಾರಾದರೂ ಹೇಳಿದರೆ ಈ ಸಲ ಬಿಡಿ. ಬಂಡೆ, ಮೆಟ್ಟಿಲು, ಜಾರು ಪಾಚಿ. ಮಕ್ಕಳಿಗೂ ಅತ್ತೆಗೂ ಎರಡಕ್ಕೂ ಅದು ಆಗಿ ಬರುವುದಿಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಬೀಚ್ ಇನ್ನೊಂದು ಒಳ್ಳೆ ಆಯ್ಕೆ. ಊರಿನೊಳಗೇ, ಹೆದ್ದಾರಿಯ ಪಕ್ಕದಲ್ಲೇ ಇದೆ. ನೌಕಾಪಡೆಯ ಚಪಲ್ ಯುದ್ಧನೌಕೆಯನ್ನು ದಂಡೆಗೆ ತಂದು ಮ್ಯೂಸಿಯಂ ಮಾಡಿದ್ದಾರೆ. ನಿಮ್ಮ ಮಗನ ವಯಸ್ಸಿನವರಿಗೆ ಅದು ಬಹಳ ಹಿಡಿಸುತ್ತದೆ. ಟೆಂಟ್ ಬೇಡ, ಸಮುದ್ರದ ಪಕ್ಕ ಮಲಗಿದರೆ ಸಾಕು ಅನ್ನುವುದಾದರೆ ಅಲ್ಲೇ ದೇವಬಾಗದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ವಸತಿ ಇದೆ. ಜೇಬಿಗೆ ಸ್ವಲ್ಪ ಭಾರ.

ಟೆಂಟ್ ಹಾಕುವ ಹೋಂಸ್ಟೇ ಹುಡುಕುವಾಗ ಮೂರು ಪ್ರಶ್ನೆ ಕೇಳಿ. ನೋಂದಣಿ ಇದೆಯಾ? ರಾತ್ರಿ ಯಾರಾದರೂ ಮನೆಯವರು ಅಲ್ಲೇ ಮಲಗುತ್ತಾರಾ? ಒಳಗೆ ಒಂದು ಕೋಣೆಯೂ ಸಿಗುತ್ತದಾ? ಆ ಕೋಣೆ ಅತ್ತೆಗೆ. ರಾತ್ರಿ ಎರಡು ಗಂಟೆಗೆ ಮಗಳು ‘ಮಮ್ಮಿ, ಮನೆಗೆ ಹೋಗೋಣ’ ಅಂದಾಗ ಅವಳಿಗೂ ಅದೇ ಕೋಣೆ. ಹಾಗೆ ಅನ್ನುವುದು ಗ್ಯಾರಂಟಿ.

ತೆಂಗಿನ ಮರದ ಕೆಳಗೆ ಟೆಂಟ್ ಬೇಡ. ನೆರಳು ಚೆಂದ, ಆದರೆ ಒಂದು ಕಾಯಿ ಬಿದ್ದರೆ ಮುಗಿಯಿತು. ಮರಗಳ ನಡುವಿನ ಬಯಲು ಜಾಗ ಆರಿಸಿ. ಕರಾವಳಿಯ ನೆಲ ಎಲ್ಲಾ ಕಡೆ ಮರಳು ಮರಳು. ಟೆಂಟಿನ ಜೊತೆ ಕೊಡುವ ತೆಳ್ಳನೆಯ ಮೊಳೆಗಳು ಅದರಲ್ಲಿ ನಿಲ್ಲುವುದಿಲ್ಲ, ಬೆರಳಿನಿಂದ ಎಳೆದರೂ ಬರುತ್ತವೆ. ಅದಕ್ಕೆ ನಾಲ್ಕಾರು ಬಟ್ಟೆ ಚೀಲ ಒಯ್ಯಿರಿ, ಕಿರಾಣಿ ಅಂಗಡಿಯ ಗಟ್ಟಿ ಕೈಚೀಲ ಆದರೂ ನಡೆಯುತ್ತದೆ. ಅದಕ್ಕೆ ಮರಳು ತುಂಬಿ, ಬಾಯಿ ಬಿಗಿದು, ಟೆಂಟಿನ ದಾರ ಕಟ್ಟಿ, ಒಂದು ಮೊಳ ಆಳದ ಗುಂಡಿಯಲ್ಲಿ ಹುಗಿದು ಮೇಲೆ ಒದ್ದೆ ಮರಳು ತುಳಿಯಿರಿ. ಜೋರು ಗಾಳಿಗೂ ಕದಲುವುದಿಲ್ಲ. ಗುಂಡಿ ತೋಡುವ ಕೆಲಸ ಮಕ್ಕಳಿಗೇ ಕೊಡಿ. ಇಡೀ ಪ್ರವಾಸದಲ್ಲಿ ಅವರಿಗೆ ಹೆಚ್ಚು ಖುಷಿ ಕೊಡುವುದು ಇದೇ ಇರಬಹುದು.

ಹಗಲು ಗಾಳಿ ಕಡಲಿಂದ ನೆಲಕ್ಕೆ, ರಾತ್ರಿ ಸರಿದಂತೆ ನೆಲದಿಂದ ಕಡಲಿಗೆ ತಿರುಗುತ್ತದೆ. ಟೆಂಟಿನ ಎರಡೂ ಕಡೆಯ ಕಿಟಕಿ ಜಾಲರಿ ತೆರೆದಿಡಿ, ಇಲ್ಲದಿದ್ದರೆ ಉಸಿರಿನ ತೇವ ಒಳಗೇ ನಿಂತು ಬೆಳಗಾಗುವಷ್ಟರಲ್ಲಿ ಮೇಲಿನಿಂದ ಹನಿ ಬೀಳುತ್ತದೆ. ಮಳೆ ಇಲ್ಲ ಅಂತ ಮೇಲು ಹೊದಿಕೆ ಬಿಟ್ಟು ಹೋಗಬೇಡಿ, ಚಳಿಗಾಲದಲ್ಲಿ ಅಲ್ಲಿ ಇಬ್ಬನಿ ಜೋರು. ಬಾಗಿಲಲ್ಲಿ ಒಂದು ಚಾಪೆ, ಕಾಲು ಅದ್ದಲು ಒಂದು ಬಕೆಟ್ ನೀರು. ಮೈಗೆ ಅಂಟಿದ ಮರಳಿಗೆ ಟಾಲ್ಕಂ ಪೌಡರ್ ಹಚ್ಚಿ ಒಣ ಬಟ್ಟೆಯಿಂದ ಝಾಡಿಸಿ, ನೀರಿಗಿಂತ ಬೇಗ ಹೋಗುತ್ತದೆ. ಟೆಂಟಿನೊಳಗೆ ಒಲೆ, ಮೇಣದಬತ್ತಿ, ಸೊಳ್ಳೆಬತ್ತಿ ಯಾವುದೂ ಬೇಡ. ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಸಾಕು. ರಾತ್ರಿ ಹೊರಗೆ ಹೋಗುವಾಗ ಟಾರ್ಚು ಮತ್ತು ಚಪ್ಪಲಿ ಕಡ್ಡಾಯ, ತೋಟದಲ್ಲಿ ಹಾವು ಇರುತ್ತವೆ. ಶೂ ಹೊರಗೆ ಬಿಟ್ಟಿದ್ದರೆ ಬೆಳಗ್ಗೆ ಝಾಡಿಸಿ ಹಾಕಿಕೊಳ್ಳಿ. ಗಾಳಿಮರದ ಕೆಳಗೆ ಕ್ಯಾಂಪ್‌ಫೈರ್ ಕೇಳಬೇಡಿ. ಅದರ ಒಣ ಎಲೆಯ ಹಾಸಿಗೆ ಕಿಡಿಗೇ ಕಾಯುತ್ತಿರುತ್ತದೆ.

ಹೋಂಸ್ಟೇ ಕಾಡಿನ ಕಡೆ, ಘಟ್ಟದ ಬುಡದಲ್ಲಿದ್ದರೆ ಒಂದು ಎಚ್ಚರಿಕೆ. ಹೊನ್ನಾವರ, ಸಿದ್ದಾಪುರ ಕಡೆಯ ಕಾಡಿನಲ್ಲಿ ಮಂಗನ ಕಾಯಿಲೆ ಇದೆ. ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುತ್ತದೆ, ಚಳಿಗಾಲದಿಂದ ಬೇಸಿಗೆವರೆಗೆ ಅದರ ಕಾಲ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ದಂಡೆಯ ಹತ್ತಿರದ ತೋಟದಲ್ಲೇ ಉಳಿದರೆ ಈ ತಲೆನೋವು ಇಲ್ಲ.

ಹೊರಡುವ ಹಿಂದಿನ ವಾರ ಮನೆಯ ತಾರಸಿಯಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗಿ. ಕಡ್ಡಿ ಯಾವುದು ಎಲ್ಲಿ ಸೇರುತ್ತದೆ ಅಂತ ಬೆಳಕಿನಲ್ಲಿ ಕಲಿಯಬಹುದು. ಮಗಳು ನಿದ್ದೆ ಮಾಡುತ್ತಾಳೋ ಇಲ್ಲವೋ ಅದೂ ಗೊತ್ತಾಗುತ್ತದೆ. ಕೆಲವು ಮಕ್ಕಳ ಟೆಂಟ್ ಹಠ ತಾರಸಿಯಲ್ಲೇ ತೀರುತ್ತದೆ, ಖರ್ಚು ಉಳಿಯಿತು.

ದಾರಿ ಎರಡು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ, ಹೊನ್ನಾವರ. ಇಲ್ಲವೇ ಮುಂಡಗೋಡ, ಶಿರಸಿ, ದೇವಿಮನೆ ಘಟ್ಟ, ಕುಮಟಾ. ಎರಡೂ 190 ಕಿ.ಮೀ. ಆಸುಪಾಸು, ಚಹಾ ತಿಂಡಿ ಸೇರಿ ಐದು ತಾಸು ಹಿಡಿಯಿರಿ. ಅರಬೈಲ್‌ನಲ್ಲಿ ಲಾರಿ ಜಾಸ್ತಿ. ಶಿರಸಿ ದಾರಿಯಲ್ಲಿ ಮಾರಿಕಾಂಬೆ ದರ್ಶನ ಆಗುತ್ತದೆ, ಆದರೆ ಘಟ್ಟದ ರಸ್ತೆ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಯಾವುದೇ ಘಟ್ಟ ಇರಲಿ, ಕತ್ತಲಾಗುವ ಮುಂಚೆ ಇಳಿದಿರಬೇಕು. ಮಕ್ಕಳಿಗೆ ವಾಂತಿ ಆಗುವುದಾದರೆ ಹೊಟ್ಟೆ ತುಂಬ ತಿನ್ನಿಸದೆ ಹಗುರಾಗಿ ತಿನ್ನಿಸಿ, ಮುಂದೆ ನೋಡುತ್ತಾ ಕೂರಲು ಹೇಳಿ, ಮೊಬೈಲ್ ಕಿತ್ತುಕೊಳ್ಳಿ. ಬಸ್ಸಿನಲ್ಲಿ ಹೋಗುವುದಾದರೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನಿಮಗೂ ಅತ್ತೆಗೂ ಟಿಕೆಟ್ ಉಚಿತ, ಗುರುತಿನ ಚೀಟಿ ಇಟ್ಟುಕೊಳ್ಳಿ. ಅತ್ತೆಯ ಮೊಣಕಾಲು ನೋಡಿದರೆ ಮಾತ್ರ ಕಾರೇ ವಾಸಿ. ಒಂದೂವರೆ ತಾಸಿಗೊಮ್ಮೆ ನಿಲ್ಲಿಸಿ ಅವರನ್ನು ನಾಲ್ಕು ಹೆಜ್ಜೆ ನಡೆಸಿ.

ಬುತ್ತಿಗೆ ಖಡಕ್ ರೊಟ್ಟಿ ಕಟ್ಟುತ್ತೀರಿ ಅಂತ ಗೊತ್ತು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಕಡಲ ಗಾಳಿಗೆ ಬಿಟ್ಟರೆ ಸಂಜೆಯ ಹೊತ್ತಿಗೆ ಮುರಿಯುವುದಿಲ್ಲ, ಬಾಗುತ್ತದೆ. ಶೇಂಗಾ ಚಟ್ನಿ ಉಳಿಯುತ್ತದೆ. ಮೊಸರನ್ನದ ಸಾಹಸ ಬೇಡ, ಸೆಕೆಗೆ ಹುಳಿ ಬರುತ್ತದೆ. ಡಿಸೆಂಬರಿನಲ್ಲೂ ಅಲ್ಲಿ ಬೆವರುತ್ತೀರಿ. ಮಕ್ಕಳಿಗೆ ಬಾಯಾರಿಕೆ ಕೇಳಿ ಕುಡಿಸುವುದಲ್ಲ, ತಾಸಿಗೊಮ್ಮೆ ನೀವೇ ನೀರು ಕುಡಿಸಿ. ಮೀನು ತಿನ್ನುವವರಾದರೆ ಒಳ್ಳೆ ಕಾಲಕ್ಕೇ ಹೋಗುತ್ತಿದ್ದೀರಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುವುದು ಜೂನ್ 1ರಿಂದ ಜುಲೈ 31ರವರೆಗೆ.

ಇನ್ನು ದಿನಾಂಕ. ಡಿಸೆಂಬರ್ ಕೊನೆಯ ವಾರ ಬೇಡ. ಶಾಲಾ ಪ್ರವಾಸ, ಕ್ರಿಸ್‌ಮಸ್ ರಜೆ, ಹೊಸ ವರ್ಷ ಎಲ್ಲಾ ಒಟ್ಟಿಗೇ ಬಂದು ಕರಾವಳಿ ತುಂಬಿರುತ್ತದೆ. ರೂಮಿನ ದರ ಏರಿರುತ್ತದೆ, ಜೀವರಕ್ಷಕರ ಕಣ್ಣು ನೂರಾರು ತಲೆಗಳಿಗೆ ಹಂಚಿ ಹೋಗಿರುತ್ತದೆ. ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ ಆರಿಸಿ, ಜೊತೆಗೆ ಸೋಮವಾರ ಮಕ್ಕಳಿಗೆ ರಜೆ ಹಾಕಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಜನ ಖಾಲಿಯಾಗುತ್ತಾರೆ, ಸೋಮವಾರ ಬೆಳಗ್ಗೆ ಬೀಚು ಹೆಚ್ಚುಕಡಿಮೆ ನಿಮ್ಮದೇ. ಹೋಂಸ್ಟೇಗೆ ಈಗಲೇ ಫೋನ್ ಮಾಡಿ ಕೋಣೆ ನೆಲಮಹಡಿಯದ್ದೇ ಬೇಕು, ಕಮೋಡ್ ಇರಬೇಕು ಅಂತ ಹೇಳಿಡಿ. ಅತ್ತೆ ತಾವಾಗಿ ಅದನ್ನು ಕೇಳುವುದಿಲ್ಲ.